ಕೃಷಿ ಜಮೀನಿನಲ್ಲಿ ಶೆಡ್ಡು: ತೆರಿಗೆ ಮತ್ತು ಭೂಬಳಕೆಯ ನಿಯಮಗಳು

ಪಟ್ಟಣದಲ್ಲಿ ಬಾಡಿಗೆ ಏರಿದಂತೆ, ಸಣ್ಣ ಉದ್ದಿಮೆದಾರರು ಗೋದಾಮಿಗೋ ಒಂದೆರಡು ಯಂತ್ರಗಳ ಘಟಕಕ್ಕೋ ಹಳ್ಳಿಯ ಜಮೀನಿನತ್ತ ನೋಡುವುದು ಸಹಜ. ತಗಡಿನ ಶೆಡ್ಡು ನಿಲ್ಲಿಸಲು ಹೆಚ್ಚು ದಿನ ಬೇಕಿಲ್ಲ. ಆದರೆ ಕಾನೂನು ಶೆಡ್ಡಿನ ಗಾತ್ರಕ್ಕಿಂತ ಮೊದಲು ಅದರ ಉಪಯೋಗವನ್ನು ಕೇಳುತ್ತದೆ. ಈ ಅಂಶವನ್ನು ತಿಳಿಯದೆ ಬಂಡವಾಳ ಹೂಡಿದವರು ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕುವಾಗ ತೊಂದರೆಗೆ ಸಿಲುಕುತ್ತಾರೆ.

ಉದಾಹರಣೆಗೆ, ಮೂರು ಎಕರೆ ಅಡಿಕೆ ತೋಟದ ಮಾಲೀಕರೊಬ್ಬರು ತೋಟದಲ್ಲಿ ಶೆಡ್ಡು ಕಟ್ಟಿದ್ದಾರೆಂದು ಭಾವಿಸೋಣ. ಮೊದಲು ಅದರಲ್ಲಿ ಗೊಬ್ಬರ, ಸಲಕರಣೆ ಹಾಗೂ ಸ್ವಂತ ಫಸಲನ್ನು ಇಡುತ್ತಾರೆ. ಬಳಿಕ ಅಡಿಕೆ ಹಾಳೆಯ ತಟ್ಟೆ ಒತ್ತುವ ಯಂತ್ರ ಕೂರಿಸುತ್ತಾರೆ. ಕೊನೆಗೆ ಅದನ್ನೇ ವರ್ತಕರೊಬ್ಬರಿಗೆ ಗೋದಾಮಾಗಿ ಬಾಡಿಗೆಗೆ ಕೊಡುತ್ತಾರೆ. ಕಟ್ಟಡ ಒಂದೇ ಆದರೂ ಕಾನೂನಿನ ದೃಷ್ಟಿಯಲ್ಲಿ ಇವು ಮೂರು ಬೇರೆ ಬೇರೆ ಸ್ಥಿತಿಗಳು.

1. ಭೂಕಂದಾಯ ಕಾನೂನು

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 95ರಂತೆ ಹಿಡುವಳಿದಾರನು ಸಾಗುವಳಿಯ ಅನುಕೂಲಕ್ಕಾಗಿ ಬಾವಿ ತೋಡಿಸಬಹುದು, ಕೃಷಿ ಕಟ್ಟಡ ಕಟ್ಟಬಹುದು. ತೋಟದ ಮನೆಗೆ ಹಿಡುವಳಿಯ ಶೇಕಡಾ 10ರ ಮಿತಿಯುಂಟು. ಅದನ್ನು ವಾಣಿಜ್ಯ ಉದ್ದೇಶಕ್ಕೆ ಬಾಡಿಗೆಗೆ ಕೊಡುವಂತಿಲ್ಲ. ಆದ್ದರಿಂದ ಮೊದಲ ಸ್ಥಿತಿಗೆ ಅಡ್ಡಿಯಿಲ್ಲ. ಎರಡನೆಯದೂ ಮೂರನೆಯದೂ ಕೃಷಿಯೇತರ ಬಳಕೆಯಾದುದರಿಂದ ಭೂಪರಿವರ್ತನೆಯ ಪ್ರಶ್ನೆ ಏಳುತ್ತದೆ. ಅನುಮತಿಯಿಲ್ಲದ ಬಳಕೆಗೆ ಕಲಂ 96ರಡಿ ದಂಡವಷ್ಟೇ ಅಲ್ಲ, ತೆರವಿನ ಕ್ರಮವೂ ಉಂಟು. ಅನುಮತಿಯ ಕ್ರಮ, ಕಾಲಾವಧಿ ಮತ್ತು ವಿನಾಯಿತಿಗಳು ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ತಿದ್ದುಪಡಿಗೊಂಡಿರುವುದರಿಂದ, ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ನಿಯಮವನ್ನೇ ನೋಡತಕ್ಕದ್ದು.

2020ರಲ್ಲಿ ಭೂಸುಧಾರಣಾ ಅಧಿನಿಯಮದ ಕಲಂ 79ಎ ಮತ್ತು 79ಬಿ ರದ್ದಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ಆದರೆ ಕೊಳ್ಳುವ ಹಕ್ಕು ಬೇರೆ, ಬಳಕೆ ಬದಲಿಸುವ ಹಕ್ಕು ಬೇರೆ.

2. ಯೋಜನಾ ವಲಯ

ಜಮೀನು ಸ್ಥಳೀಯ ಯೋಜನಾ ಪ್ರದೇಶದೊಳಗಿದ್ದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961 ಅನ್ವಯಿಸುತ್ತದೆ. ಮಹಾಯೋಜನೆಯಲ್ಲಿ ಆ ಸರ್ವೆ ನಂಬರು ವಸತಿ, ಕೈಗಾರಿಕೆ ಅಥವಾ ಕೃಷಿ ವಲಯಗಳಲ್ಲಿ ಯಾವುದರಲ್ಲಿದೆ ಎಂಬುದನ್ನು ಖರೀದಿಗೆ ಮೊದಲೇ ಯೋಜನಾ ಪ್ರಾಧಿಕಾರದಲ್ಲಿ ಪರಿಶೀಲಿಸಬೇಕು. ಪಕ್ಕದ ಜಮೀನಿನಲ್ಲಿ ಕಾರ್ಖಾನೆ ಇದೆಯೆಂಬುದು ಈ ಜಮೀನಿಗೆ ಆಧಾರವಾಗದು.

3. ಗ್ರಾಮ ಪಂಚಾಯಿತಿ

1993ರ ಪಂಚಾಯತ್ ರಾಜ್ ಅಧಿನಿಯಮದ ಕಲಂ 199ರಂತೆ ಪಂಚಾಯಿತಿಯು ಕಟ್ಟಡಗಳ ಮೇಲೂ, ಕೃಷಿ ಕಂದಾಯಕ್ಕೆ ಒಳಪಡದ ಜಮೀನುಗಳ ಮೇಲೂ ತೆರಿಗೆ ವಿಧಿಸುತ್ತದೆ. ಸಾಗುವಳಿ ಜಮೀನು ಈ ತೆರಿಗೆಯ ಹೊರಗುಳಿದರೂ ಪರಿವರ್ತಿತ ಜಮೀನು ಉಳಿಯದು. ಕಟ್ಟಡಕ್ಕೆ ಕಲಂ 64ರ ಪರವಾನಗಿ, ಕಾರ್ಖಾನೆ ಹಾಗೂ ಯಂತ್ರ ಸ್ಥಾಪನೆಗೆ ಕಲಂ 66ರ ಅನುಮತಿ ಪ್ರತ್ಯೇಕವಾಗಿ ಬೇಕು.

ಇಲ್ಲಿ ಸಾಮಾನ್ಯವಾದ ತಪ್ಪು ತಿಳಿವಳಿಕೆಯೊಂದಿದೆ. ಪಂಚಾಯಿತಿ ತೆರಿಗೆ ಕಟ್ಟಿಸಿಕೊಂಡು ರಸೀದಿ ಕೊಟ್ಟರೆ ಕಟ್ಟಡ ಸಕ್ರಮವಾಯಿತೆಂದು ಹಲವರು ನಂಬುತ್ತಾರೆ. ರಸೀದಿಯು ತೆರಿಗೆ ಸಂದಾಯಕ್ಕೆ ಸಾಕ್ಷಿಯೇ ಹೊರತು ಮಾಲೀಕತ್ವಕ್ಕಾಗಲಿ ಭೂಪರಿವರ್ತನೆಗಾಗಲಿ ಸಾಕ್ಷಿಯಲ್ಲ.

4. ಆದಾಯ ತೆರಿಗೆ ಮತ್ತು ಜಿ.ಎಸ್.ಟಿ.

1961ರ ಆದಾಯ ತೆರಿಗೆ ಅಧಿನಿಯಮದ ಕಲಂ 2(1ಎ) ಪ್ರಕಾರ, ಜಮೀನಿನಲ್ಲಿ ಅಥವಾ ಅದಕ್ಕೆ ಹೊಂದಿಕೊಂಡಂತೆ ಇರುವ, ಸಾಗುವಳಿದಾರನಿಗೆ ವಾಸಕ್ಕೋ ಉಗ್ರಾಣಕ್ಕೋ ಅಗತ್ಯವಾದ ಕಟ್ಟಡದ ಆದಾಯವು ಷರತ್ತಿಗೊಳಪಟ್ಟು ಕೃಷಿ ಆದಾಯವೆನಿಸುತ್ತಿತ್ತು. ಆದರೆ 2000ನೇ ಇಸವಿಯ ಹಣಕಾಸು ಅಧಿನಿಯಮವು ಸೇರಿಸಿದ ವಿವರಣೆಯಂತೆ, ಅದನ್ನು ವ್ಯಾಪಾರಕ್ಕೆ ಬಾಡಿಗೆಗೆ ಕೊಟ್ಟರೆ ಆ ವಿನಾಯಿತಿ ತಪ್ಪಿತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಅಧಿನಿಯಮವೂ ಇದೇ ತತ್ತ್ವವನ್ನು ಉಳಿಸಿಕೊಂಡಿದೆ. ಸ್ವಂತ ಅಡಿಕೆಯನ್ನು ಸುಲಿದು ಒಣಗಿಸಿ ಮಾರಿದರೆ ಕೃಷಿ ಆದಾಯ. ಹಾಳೆ ತಟ್ಟೆ ತಯಾರಿಸಿ ಮಾರಿದರೆ ವ್ಯಾಪಾರದ ಆದಾಯ.

ಬಾಡಿಗೆಗೆ ಪಡೆಯುವ ವರ್ತಕರೂ ಎಚ್ಚರ ವಹಿಸಬೇಕು. ನೋಂದಾಯಿತ ವರ್ತಕನು ನೋಂದಣಿಯಿಲ್ಲದ ಮಾಲೀಕನಿಂದ ವಾಣಿಜ್ಯ ಕಟ್ಟಡವನ್ನು ಬಾಡಿಗೆಗೆ ಪಡೆದರೆ, 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಜಿ.ಎಸ್.ಟಿ.ಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ವರ್ತಕನೇ ಕಟ್ಟಬೇಕು. ಕಾಂಪೊಸಿಷನ್ ಯೋಜನೆಯವರಿಗೆ 2025ರ ಜನವರಿಯಲ್ಲಿ ಇದರಿಂದ ವಿನಾಯಿತಿ ದೊರೆಯಿತು.

ಹೂಡಿಕೆಗೆ ಮುನ್ನ ನೋಡಬೇಕಾದುವು

ಅ) ಪಹಣಿಯಲ್ಲಿ ಜಮೀನಿನ ಸ್ವರೂಪ ಮತ್ತು ಮಾಲೀಕರ ಹೆಸರು.
ಆ) ಭೂಪರಿವರ್ತನೆಯ ಆದೇಶ, ಅದರಲ್ಲಿ ನಮೂದಿಸಿದ ಉದ್ದೇಶ.
ಇ) ಯೋಜನಾ ಪ್ರದೇಶದೊಳಗಿದ್ದರೆ ವಲಯದ ದೃಢೀಕರಣ.
ಈ) ಪಂಚಾಯಿತಿಯ ಕಟ್ಟಡ ಪರವಾನಗಿ, ಯಂತ್ರ ಸ್ಥಾಪನೆಯ ಅನುಮತಿ ಮತ್ತು ತೆರಿಗೆ ರಸೀದಿ.

ವಸತಿಗೆಂದು ಪರಿವರ್ತಿಸಿದ ಜಮೀನಿನಲ್ಲಿ ಕಾರ್ಖಾನೆ ನಡೆಸುವುದೂ ಉಲ್ಲಂಘನೆಯೇ. ಕಾಗದಪತ್ರಗಳನ್ನು ಈ ಕ್ರಮದಲ್ಲಿ ಹೊಂದಿಸಿಕೊಂಡ ನಂತರವೇ ತಳಪಾಯ ತೋಡುವುದು ಲೇಸು. ಶೆಡ್ಡನ್ನು ಬಿಚ್ಚಿ ಬೇರೆಡೆ ನಿಲ್ಲಿಸಬಹುದು. ಅದರೊಳಗಿನ ವ್ಯವಹಾರವನ್ನು ಹಾಗೆ ಎತ್ತಿಡುವುದು ಸುಲಭವಲ್ಲ.