ಸುತ್ತ ಕಡಲು, ಕುಡಿಯಲು ನೀರಿಲ್ಲ

ಸುತ್ತಲೂ ನೀರು. ಕಣ್ಣು ಹಾಯಿಸಿದಷ್ಟು ದೂರ ನೀರು. ಆದರೆ ಒಂದು ಬಿಂದಿಗೆ ಕುಡಿಯುವ ನೀರಿಗೆ ಪರದಾಟ. ಇಂಥ ದೇಶ ಇದೆಯಾ? ಇದೆ. ಅದರ ಹೆಸರು ಆಂಟಿಗುವಾ ಮತ್ತು ಬಾರ್ಬುಡಾ. ಬಿಡಿಸಿ ಓದೋಣ: ಆಂ-ಟಿ-ಗು-ವಾ. ಬಾರ್-ಬು-ಡಾ. ಹೆಸರು ಉದ್ದ, ದೇಶ ಚಿಕ್ಕದು.

ಇವು ಎರಡು ದ್ವೀಪಗಳು. ದ್ವೀಪ ಅಂದರೆ ನಾಲ್ಕೂ ಕಡೆ ನೀರಿರುವ ನೆಲ. ಅಮೆರಿಕ ಖಂಡದ ಹತ್ತಿರ, ಕೆರಿಬಿಯನ್ ಕಡಲಿನ ಅಂಚಿನಲ್ಲಿವೆ. ಎರಡೂ ಸೇರಿ ಸುಮಾರು 440 ಚದರ ಕಿಲೋಮೀಟರು. ಜನ ಒಂದು ಲಕ್ಷದ ಆಸುಪಾಸು. ಕ್ರಿಕೆಟ್ ಆಟಗಾರ ವಿವಿಯನ್ ರಿಚರ್ಡ್ಸ್ ಆಂಟಿಗುವಾದವರು. ಮನೆಯಲ್ಲಿ ಕ್ರಿಕೆಟ್ ಹುಚ್ಚಿನವರಿದ್ದರೆ ಕೇಳಿ ನೋಡಿ.

ಅಲ್ಲಿ ನೀರು ಯಾಕಿಲ್ಲ? ಮಳೆಮೋಡವನ್ನು ತಡೆಯಲು ಎತ್ತರದ ಬೆಟ್ಟ ಬೇಕು. ಆಂಟಿಗುವಾದ ಅತಿ ಎತ್ತರದ ಬೆಟ್ಟ 402 ಮೀಟರು ಅಷ್ಟೆ. ಬಾರ್ಬುಡಾ ಅಂತೂ ಅಂಗೈಯಷ್ಟು ಚಪ್ಪಟೆ. ನೆಲದಲ್ಲಿ ಸುಣ್ಣಕಲ್ಲು ಹೆಚ್ಚು. ಬಿದ್ದ ನೀರು ಒಳಗೆ ಇಳಿದು ಹೋಗುತ್ತದೆ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ.

ಕಾಡಾದರೂ ಇತ್ತಲ್ಲ? ಇತ್ತು. 1632ರಲ್ಲಿ ಇಂಗ್ಲಿಷರು ಬಂದು ನೆಲೆಸಿದರು. ಮುಂದೆ ಕಬ್ಬು ಬೆಳೆಯಲು ಕಾಡು ಕಡಿಸಿದರು. ಆಫ್ರಿಕಾದ ಜನರನ್ನು ಹಿಡಿದು ತಂದು ಗುಲಾಮರಾಗಿ ದುಡಿಸಿದರು. 1834ರಲ್ಲಿ ಗುಲಾಮಗಿರಿ ಹೋಯಿತು. ಈಗ ಕಬ್ಬಿನ ಗದ್ದೆಗಳೂ ಇಲ್ಲ. ಕಡಿದ ಹಳೇ ಕಾಡು ಮಾತ್ರ ಮರಳಿ ಬರಲಿಲ್ಲ.

ವರ್ಷದ ಮೊದಲ ಮೂರು ನಾಲ್ಕು ತಿಂಗಳು ಅಲ್ಲಿ ಒಣ ಕಾಲ. ಬರ ಬಂದರೆ ಪಾಟ್‌ವರ್ಕ್ಸ್ ಅನ್ನೋ ದೊಡ್ಡ ಕೆರೆಯೂ ಒಣಗುತ್ತದೆ. ಅದಕ್ಕೇ ಜನ ಚಾವಣಿ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಗೆ ಇಳಿಸಿ ಕೂಡಿಡುತ್ತಾರೆ. ಸರ್ಕಾರ ಕಡಲಿನ ನೀರನ್ನು ಯಂತ್ರದಲ್ಲಿ ಸೋಸಿ, ಉಪ್ಪು ತೆಗೆದು, ನಲ್ಲಿಗೆ ಬಿಡುತ್ತದೆ. ಇದಕ್ಕೆ ಕರೆಂಟು ಬಹಳ ಬೇಕು, ಖರ್ಚೂ ಬಹಳ.

ಜೋರು ಮಳೆ ಆಗಸ್ಟಿನಿಂದ ನವೆಂಬರಿನವರೆಗೆ. ಚಂಡಮಾರುತ ಬರುವುದೂ ಆಗಲೇ! ಬಿಸಿಯಾದ ಕಡಲಿನ ಮೇಲೆ ಗಾಳಿ ಗಿರಗಿರ ಸುತ್ತುತ್ತಾ ಬಲಿಯುತ್ತದೆ. ಅಲ್ಲಿಯವರು ಅದಕ್ಕೆ ಹರಿಕೇನ್ ಅನ್ನುತ್ತಾರೆ. ತೊಟ್ಟಿ ತುಂಬಲಿ ಅಂತ ಮೋಡ ನೋಡುವ ಹೆಂಗಸರು ಅದೇ ಮೋಡಕ್ಕೆ ಹೆದರಲೂ ಬೇಕು.

2017ರ ಸೆಪ್ಟೆಂಬರ್ 6ರಂದು, ಬೆಳಗಾಗುವ ಮೊದಲೇ, ಇರ್ಮಾ ಎಂಬ ಹರಿಕೇನ್ ಬಾರ್ಬುಡಾಕ್ಕೆ ಬಡಿಯಿತು. ಗಾಳಿಯ ವೇಗ ಗಂಟೆಗೆ ಸುಮಾರು 295 ಕಿಲೋಮೀಟರು. ಹೆಚ್ಚಿನ ಮನೆಗಳು ಹಾಳಾದವು. ಎರಡು ವರ್ಷದ ಒಂದು ಮಗು ತೀರಿಕೊಂಡಿತು. ಹಿಂದೆಯೇ ಹೋಸೆ ಎಂಬ ಇನ್ನೊಂದು ಹರಿಕೇನ್ ಬರುವ ಸೂಚನೆ ಇತ್ತು. ಆಗ ದ್ವೀಪದ ಜನರನ್ನೆಲ್ಲ ದೋಣಿ, ವಿಮಾನಗಳಲ್ಲಿ ಆಂಟಿಗುವಾಕ್ಕೆ ಕರೆದೊಯ್ದರು. ಊರೆಲ್ಲ ಖಾಲಿ. ಹೋಸೆ ಪಕ್ಕದಲ್ಲೇ ದಾಟಿ ಹೋಯಿತು. ಜನ ಮಾತ್ರ ತಿಂಗಳುಗಟ್ಟಲೆ ಕಾದು, ಒಬ್ಬೊಬ್ಬರಾಗಿ ತಮ್ಮ ದ್ವೀಪಕ್ಕೆ ಮರಳಿದರು.