ನೀರಿನ ಲೆಕ್ಕ, ಮೀನಿನ ಲೆಕ್ಕ

ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ನೀರು ಏರಿಳಿದಂತೆ ಮೀನುಗಳು ಹೇಗೆ ಬದಲಾಗುತ್ತವೆ ಎಂದು ಮಾಡೆಲ್ ಕಟ್ಟುತ್ತಾ ಕಲಿತದ್ದು ಇದು. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಉಪಯೋಗವಾದೀತು.

1. ನೆಲ ಕೊನೆಯ ಸಲ ಒಣಗಿದ್ದು ಯಾವಾಗ ಎಂದು ಮೊದಲು ಕೇಳಿ.
ಮೀನು ಎಣಿಸಿದ ದಿನ ಎಷ್ಟು ಆಳ ನೀರಿತ್ತು ಎಂಬುದೊಂದನ್ನೇ ನಂಬಿ ನನ್ನ ಮೊದಲ ಮಾಡೆಲ್ ಕಟ್ಟಿದೆ. ಯಾವುದೂ ಹೊಂದಲಿಲ್ಲ. ಎರಡು ಜಾಗಗಳಲ್ಲಿ ಒಂದೇ ಮೊಣಕಾಲುದ್ದ ನೀರು; ಒಂದರಲ್ಲಿ ಮೀನು ಸಮೃದ್ಧ, ಇನ್ನೊಂದರಲ್ಲಿ ವಿರಳ. ಮೊದಲನೆಯದು ವರ್ಷಗಟ್ಟಲೆ ಒಣಗಿರಲಿಲ್ಲ, ಎರಡನೆಯದು ಹಿಂದಿನ ಬೇಸಿಗೆಯಲ್ಲೇ ಬತ್ತಿತ್ತು. ನೀರು 5 ಸೆಂಟಿಮೀಟರಿಗಿಂತ ಕೆಳಗಿಳಿದು ಎಷ್ಟು ದಿನವಾಯಿತು ಎಂಬ ಲೆಕ್ಕ ಸೇರಿಸಿದ ಮೇಲೆ ಚಿತ್ರ ತಿಳಿಯಾಯಿತು. ಹಿರಿಯರ ಪ್ರಬಂಧಗಳಲ್ಲಿ ಈ ಅಳತೆ ಇತ್ತು. ಓದಿದ್ದೆ, ಅದರ ತೂಕ ಅರಿತಿರಲಿಲ್ಲ.

2. ಸಣ್ಣ ಮೀನುಗಳನ್ನೆಲ್ಲ ಒಂದೇ ರಾಶಿಗೆ ಸುರಿಯಬೇಡಿ.
ಸೊಳ್ಳೆಮರಿ ತಿನ್ನಲೆಂದು ನಮ್ಮ ಊರುಗಳ ಬಾವಿ, ಹೊಂಡಗಳಿಗೆ ಬಿಟ್ಟ ಗ್ಯಾಂಬೂಸಿಯಾದ ಬಂಧುಗಳು ಎವರ್‌ಗ್ಲೇಡ್ಸ್‌ನ ಮೂಲನಿವಾಸಿಗಳು. ನೀರು ಮರಳಿದ ಕೂಡಲೇ ಅವು ಹಾಜರು. ಬ್ಲೂಫಿನ್ ಕಿಲ್ಲಿಫಿಶ್ ಚೇತರಿಸಿಕೊಳ್ಳಲು ಬಹಳ ಕಾಲ ಬೇಕು. ಫ್ಲ್ಯಾಗ್‌ಫಿಶ್‌ಗೆ ಬರವೇ ಅವಕಾಶ: ತಿನ್ನುವ ದೊಡ್ಡ ಮೀನುಗಳು ಬರದಲ್ಲಿ ಇಲ್ಲವಾದಾಗ ಅದು ಹೆಚ್ಚುತ್ತದೆ. ಮೂರನ್ನೂ ಕೂಡಿಸಿದರೆ ಒಂದರ ಏರು ಇನ್ನೊಂದರ ಇಳಿತವನ್ನು ಮುಚ್ಚಿಹಾಕುತ್ತದೆ.

3. ಬಲೆ ತುಂಬಿದರೆ ಮೀನು ಹೆಚ್ಚಿವೆ ಎಂದುಕೊಳ್ಳಬೇಡಿ.
ನೀರು ಇಳಿದಾಗ ಮೀನುಗಳು ತಗ್ಗುಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ. ಒಂದು ಚದರ ಮೀಟರಿನ ನಮ್ಮ ಬೋನಿಗೆ ಆಗ ಸಿಗುವ ಸಂಖ್ಯೆ ನೋಡಿ ಒಳ್ಳೆಯ ವರ್ಷವೆಂದು ಬರೆದುಕೊಂಡಿದ್ದೆ. ಒಟ್ಟು ಮೀನು ಹೆಚ್ಚಿರಲಿಲ್ಲ, ಒತ್ತಾಗಿ ಸೇರಿದ್ದವಷ್ಟೇ. ಆದರೆ ದಟ್ಟಣೆಯೂ ಮುಖ್ಯ: ವುಡ್ ಸ್ಟಾರ್ಕ್ ಕೊಕ್ಕರೆ ಮರಿ ಸಾಕುವುದು ಈ ದಟ್ಟಣೆಯನ್ನೇ ನಂಬಿ. ನಡುವೆ ಅಕಾಲ ಮಳೆ ಬಂದು ಮಟ್ಟ ಏರಿದರೆ ಮೀನು ಚದುರುತ್ತವೆ, ಹಕ್ಕಿ ಗೂಡು ಬಿಡುತ್ತದೆ. ಹಾಗಾಗಿ ಒಟ್ಟು ಮೀನು, ದಟ್ಟಣೆ ಎರಡನ್ನೂ ಬೇರೆ ಬೇರೆ ಅಂದಾಜಿಸುವುದು ಲೇಸು.

4. ನೀರೊಂದೇ ಎಲ್ಲವನ್ನೂ ವಿವರಿಸುತ್ತದೆ ಎಂದು ನಂಬಬೇಡಿ.
ಏಷ್ಯಾದಿಂದ ಬಂದ ಹಾವುಮೀನು ಟೇಲರ್ ಸ್ಲೂ ಎಂಬ ಭಾಗಕ್ಕೆ ಹೊಕ್ಕಮೇಲೆ ಫ್ಲ್ಯಾಗ್‌ಫಿಶ್ ಮತ್ತು ಸಿಹಿನೀರ ಸೀಗಡಿಯಂಥ ಕ್ರೇಫಿಶ್ ಕುಸಿದವು. ಈ ಹಾವುಮೀನು ಗಾಳಿಯನ್ನೂ ಉಸಿರಾಡುತ್ತದೆ, ಒಣಗಿದಾಗ ಕೆಸರಿನಲ್ಲಿ ಉಳಿಯುತ್ತದೆ. ಬರ ಬಂದರೂ ಬೇಟೆಗಾರ ಸಾಯದಿದ್ದರೆ ಎರಡನೇ ಪಾಠದ ನನ್ನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಆ ಭಾಗದ ಸಮೀಕರಣವನ್ನು ಈಗ ಮತ್ತೆ ಬರೆಯುತ್ತಿದ್ದೇನೆ.