ಲೇಯರ್ ಏರಿಸುವ ಮುಂಚೆ ಕಡತ ನೋಡಮ್ಮ

ಜಿಲ್ಲೆಯ ಹಳೆಯ ಟೋಪೋಶೀಟುಗಳನ್ನೂ ಉಪಗ್ರಹ ಚಿತ್ರಗಳನ್ನೂ ವೆಬ್‌ಗೆ ಹಾಕುವ ಕೆಲಸ ನಿನ್ನ ಪಾಲಿಗೆ ಬಂದಿದೆ ಅಂತ ಕೇಳಿ ಸಂತೋಷವಾಯಿತು. ಜಿಯೋಸರ್ವರ್ ಇನ್‌ಸ್ಟಾಲ್ ಮಾಡಿದ್ದಾಯಿತು, ಲೇಯರ್ ಪ್ರಕಟಿಸಿದ್ದೂ ಆಯಿತು, ಆದರೆ ಚಿತ್ರ ಮೂಡುವಷ್ಟರಲ್ಲಿ ನೋಡುವವರ ತಾಳ್ಮೆ ಮುಗಿದಿರುತ್ತದೆ, ಇನ್ನಷ್ಟು ರ‍್ಯಾಮ್ ಹಾಕಿಸಲೇ ಅಂತ ಕೇಳಿದ್ದೀಯ. ದುಡ್ಡು ಖರ್ಚು ಮಾಡುವ ಮೊದಲು ನನ್ನದೊಂದು ಮಾತು ಕೇಳು. ಈ ಕೆಲಸದ ಮುಕ್ಕಾಲು ಪಾಲು ಸರ್ವರ್ ಮುಟ್ಟುವ ಮುಂಚೆಯೇ ಮುಗಿದಿರಬೇಕು. ಕಡತ ಹದವಾಗಿದ್ದರೆ ಸಾಧಾರಣ ಯಂತ್ರವೂ ಸಲೀಸಾಗಿ ಓಡುತ್ತದೆ. ಹದವಾಗಿಲ್ಲದಿದ್ದರೆ ಎಷ್ಟು ರ‍್ಯಾಮ್ ಸುರಿದರೂ ಅಷ್ಟೇ.

ಒಂದು ಹಾಳೆಯನ್ನೇ ತೆಗೆದುಕೋ. ಬೆಂಗಳೂರಿನ ನಡುಭಾಗ ಬರುವುದು ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ 57 ಎಚ್/9 ಹಾಳೆಯಲ್ಲಿ. 1:50,000 ಅಳತೆ, ಆಚೆ ಈಚೆ ಹದಿನೈದು ಹದಿನೈದು ನಿಮಿಷ, ಅಂದರೆ ಹೆಚ್ಚುಕಡಿಮೆ 27 ಕಿಲೋಮೀಟರ್ ಚೌಕ. ಅದನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಉದ್ದಕ್ಕೂ ಅಗಲಕ್ಕೂ ಸುಮಾರು 6,500 ಪಿಕ್ಸೆಲ್, ಒಟ್ಟು ನಾಲ್ಕು ಕೋಟಿಗೂ ಮಿಕ್ಕು. ಯಾರೋ ಒಬ್ಬರು ಮೊಬೈಲಿನಲ್ಲಿ ಇಡೀ ಹಾಳೆಯನ್ನು ಒಮ್ಮೆಲೇ ನೋಡಲು ಹೊರಟರು ಅನ್ನು. ಅವರ ಪರದೆಗೆ ಬೇಕಾದದ್ದು ಅಡ್ಡಕ್ಕೆ 400 ಪಿಕ್ಸೆಲ್. ಅಷ್ಟು ಕೊಡಲು ನಿನ್ನ ಸರ್ವರ್ ನಾಲ್ಕು ಕೋಟಿ ಪಿಕ್ಸೆಲ್ಲನ್ನೂ ಓದಿ, ಕುಗ್ಗಿಸಿ, ಚಿತ್ರ ಮಾಡಿ ಕಳಿಸಬೇಕು. ಎಲೆ ಹಾಕಿ ಜನ ಪಂಕ್ತಿಯಲ್ಲಿ ಕೂತ ಮೇಲೆ ಅಡುಗೆಯವನು ತರಕಾರಿ ಹೆಚ್ಚಲು ಶುರುಮಾಡಿದ ಹಾಗೆ.

ಇದಕ್ಕೆ ಮದ್ದು ಓವರ್‌ವ್ಯೂ. ಅದೇ ಚಿತ್ರದ ಅರ್ಧ, ಕಾಲು, ಎಂಟನೇ ಒಂದು, ಹದಿನಾರನೇ ಒಂದು ಗಾತ್ರದ ಪ್ರತಿಗಳನ್ನು ಮೊದಲೇ ಮಾಡಿ ಕಡತದೊಳಗೇ ಇಟ್ಟುಬಿಡುವುದು. ಹದಿನಾರನೇ ಒಂದರಲ್ಲಿ ನಮ್ಮ ಹಾಳೆ ಅಡ್ಡಕ್ಕೆ 400 ಪಿಕ್ಸೆಲ್ಲಿಗೆ ಬಂದು ನಿಲ್ಲುತ್ತದೆ. ಸರ್ವರ್ ಅದನ್ನಷ್ಟೇ ಓದಿದರೆ ಸಾಕು. ಈ ಪ್ರತಿಗಳೆಲ್ಲ ಸೇರಿದರೂ ಮೂಲದ ಮೂರನೇ ಒಂದು ಪಾಲಿನಷ್ಟು ಜಾಗವೇ ಹೆಚ್ಚುವರಿ.

ಜೊತೆಗೆ ಟೈಲಿಂಗ್ ಮರೆಯಬೇಡ. ಮಾಮೂಲಿ ಟಿಫ್ ಕಡತದಲ್ಲಿ ಪಿಕ್ಸೆಲ್ಲುಗಳು ಸಾಲು ಸಾಲಾಗಿ ಕೂತಿರುತ್ತವೆ. ಮೂಲೆಯ ಒಂದು ಹಳ್ಳಿ ಬೇಕೆಂದರೂ ಈ ತುದಿಯಿಂದ ಆ ತುದಿಯವರೆಗಿನ ಸಾಲುಗಳನ್ನು ಓದಬೇಕಾಗುತ್ತದೆ. 256 ಅಥವಾ 512 ಪಿಕ್ಸೆಲ್ ಚೌಕಗಳಾಗಿ ಜೋಡಿಸಿಟ್ಟರೆ ಆ ಹಳ್ಳಿಯ ಚೌಕಗಳನ್ನು ಮಾತ್ರ ತೆಗೆಯಬಹುದು. ಚೌಕ, ಓವರ್‌ವ್ಯೂ ಎರಡನ್ನೂ ಒಂದೇ ಕಡತದಲ್ಲಿ ಕ್ರಮವಾಗಿ ಇಡುವ ಪದ್ಧತಿಗೆ ಕ್ಲೌಡ್ ಆಪ್ಟಿಮೈಸ್ಡ್ ಜಿಯೋಟಿಫ್ ಅನ್ನುತ್ತಾರೆ. 2020ರಲ್ಲಿ ಬಂದ ಜಿಡಾಲ್ ತಂತ್ರಾಂಶದ 3.1ನೇ ಆವೃತ್ತಿಯಿಂದ ಇದು ಒಂದೇ ಕಮಾಂಡಿನ ಕೆಲಸ.

ಓವರ್‌ವ್ಯೂ ಕಟ್ಟುವಾಗ ಒಂದು ಕಡೆ ಕೈ ತಡೆದು ಯೋಚಿಸು. ಉಪಗ್ರಹ ಚಿತ್ರಕ್ಕೂ ಸ್ಕ್ಯಾನ್ ಮಾಡಿದ ಹಾಳೆಗೂ ಅಕ್ಕಪಕ್ಕದ ಪಿಕ್ಸೆಲ್ಲುಗಳ ಸರಾಸರಿ ತೆಗೆದರೆ ಚೆನ್ನಾಗಿ ಕಾಣುತ್ತದೆ. ಭೂಬಳಕೆಯ ನಕ್ಷೆಗೆ ಮಾತ್ರ ಅದನ್ನು ಮಾಡಬಾರದು. ಅಲ್ಲಿ ಕಾಡಿಗೆ 2, ಹೊಲಕ್ಕೆ 3, ಕೆರೆಗೆ 4 ಅಂತ ಸಂಖ್ಯೆ ಕೊಟ್ಟಿರುತ್ತಾರೆ. ಕಾಡಿನಂಚಿನ ಕೆರೆಯಲ್ಲಿ 2ನ್ನೂ 4ನ್ನೂ ಕೂಡಿ ಸರಾಸರಿ ತೆಗೆದರೆ ಬರುವುದು 3. ದೂರದಿಂದ ನೋಡಿದಾಗ ಕಾಡಿಗೂ ಕೆರೆಗೂ ನಡುವೆ ಇಲ್ಲದ ಹೊಲ ಎದ್ದು ನಿಲ್ಲುತ್ತದೆ, ಹತ್ತಿರ ಹೋದರೆ ಮಾಯವಾಗುತ್ತದೆ. ಇಂಥ ನಕ್ಷೆಗೆ ‘ನಿಯರೆಸ್ಟ್’ ಅಥವಾ ‘ಮೋಡ್’ ಆರಿಸಿಕೋ.

ಇನ್ನು ಸ್ಥಾನದ ಮಾತು. ಹಳೆಯ ಟೋಪೋಶೀಟುಗಳ ಲೆಕ್ಕ ಎವರೆಸ್ಟ್ ದೀರ್ಘವೃತ್ತಜದ್ದು. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗೆಂದು ಬಂದ ಓಪನ್ ಸೀರೀಸ್ ನಕ್ಷೆಗಳದ್ದು ಡಬ್ಲ್ಯುಜಿಎಸ್ 84. ಹಳೆಯ ಹಾಳೆಯ ಮೂಲೆಯಲ್ಲಿ ಅಚ್ಚಾದ ಅಕ್ಷಾಂಶ ರೇಖಾಂಶಗಳನ್ನೇ ಡಬ್ಲ್ಯುಜಿಎಸ್ 84 ಅಂದುಕೊಂಡು ಕೂರಿಸಿದರೆ ನಮ್ಮ ಕಡೆ ನೂರು ಇನ್ನೂರು ಮೀಟರ್ ಸರಿದುಹೋಗುತ್ತದೆ. ಇಡೀ ರಾಜ್ಯವನ್ನು ಒಂದೇ ಪರದೆಯಲ್ಲಿ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಸರ್ವೆ ನಂಬರಿನ ಗಡಿ ಹಾಕಿ ನೋಡುವ ರೈತನಿಗೆ ತನ್ನ ಬಾವಿ ಪಕ್ಕದವನ ಹೊಲದಲ್ಲಿ ಕಾಣುತ್ತದೆ. ಹಾಳೆ ಕೂರಿಸಿದ ಮೇಲೆ ದೇವಸ್ಥಾನ, ರೈಲ್ವೆ ಗೇಟು, ಹಳೆಯ ಸೇತುವೆ, ಹೀಗೆ ಜಾಗ ಬದಲಿಸದ ನಾಲ್ಕಾರು ಗುರುತುಗಳನ್ನು ಈಗಿನ ಚಿತ್ರದ ಜೊತೆ ತಾಳೆ ನೋಡು.

ಯುಟಿಎಂ ವಲಯದ ಕಡೆಗೂ ಗಮನವಿರಲಿ. ಕರ್ನಾಟಕದ ಬಹುಪಾಲು 43ನೇ ವಲಯದಲ್ಲಿದೆ. 78 ಡಿಗ್ರಿ ರೇಖಾಂಶ ದಾಟಿದರೆ 44 ಶುರು. ಬೆಂಗಳೂರು ಈಚೆ, ಕೋಲಾರ ಪಟ್ಟಣ ಆಚೆ. ಎರಡು ವಲಯಗಳ ಚಿತ್ರಗಳನ್ನು ಹೊಲಿಯುವ ಮುಂಚೆ ಎಲ್ಲವನ್ನೂ ಒಂದೇ ಪದ್ಧತಿಗೆ ತಂದುಕೋ. ನಿನ್ನ ನಕ್ಷೆಯನ್ನು ಜನ ನೋಡುವುದು ಹೆಚ್ಚಾಗಿ ವೆಬ್ ನಕ್ಷೆಗಳ ಪದ್ಧತಿಯಾದ ಇಪಿಎಸ್‌ಜಿ 3857ರಲ್ಲಾದರೆ, ನೋಡುವ ಪ್ರತಿಯನ್ನು ಅದರಲ್ಲೇ ಇಡುವುದು ಜಾಣತನ. ಇಲ್ಲದಿದ್ದರೆ ಪ್ರತಿ ಕೋರಿಕೆಗೂ ಸರ್ವರ್ ಚಿತ್ರವನ್ನು ಎಳೆದು ಬಗ್ಗಿಸುತ್ತ ಕೂರಬೇಕು.

ಒಂದು ದಿನ ಲೇಯರ್ ಪೂರ್ತಿ ಖಾಲಿ ಕಾಣಿಸಬಹುದು. ಗಾಬರಿ ಬೀಳುವ ಮೊದಲು ಅಕ್ಷಗಳ ಕ್ರಮ ನೋಡು. ನಕ್ಷೆಯ ಚಿತ್ರ ಕೇಳುವ ಡಬ್ಲ್ಯುಎಂಎಸ್ ಸೇವೆಯ 1.1.1ರಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. 1.3.0ರಲ್ಲಿ ಇಪಿಎಸ್‌ಜಿ 4326 ಕೇಳಿದರೆ ಅದು ಉಲ್ಟಾ. ಬೆಂಗಳೂರಿನ 12.97, 77.59 ಅದಲುಬದಲಾದರೆ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಆರ್ಕ್ಟಿಕ್ ಕಡಲಿಗೆ ಹೋಗಿ ಬೀಳುತ್ತದೆ. ಅಲ್ಲಿ ನಿನ್ನ ಹಾಳೆ ಇಲ್ಲ, ಆದ್ದರಿಂದ ಖಾಲಿ ಚಿತ್ರ. ಸರ್ವರ್ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ.

ಖಾಲಿಯ ಬದಲು ಕಪ್ಪು ಬಂದರೆ ಕಾರಣ ಬೇರೆ. ಸೆಂಟಿನೆಲ್-2ರಂಥ ಉಪಗ್ರಹದ ಚಿತ್ರ 16 ಬಿಟ್ ಕಡತದಲ್ಲಿ ಬರುತ್ತದೆ. ಅದರಲ್ಲಿ 65,535ರವರೆಗೆ ಜಾಗವಿದ್ದರೂ ನೆಲದ ಬೆಲೆಗಳು ಬಹುಪಾಲು ಕೆಲವೇ ಸಾವಿರದೊಳಗೆ ಮುಗಿಯುತ್ತವೆ. ಹಾಗೇ ತೋರಿಸಿದರೆ ಊರೆಲ್ಲ ಕತ್ತಲೆ. ಎರಡೂ ತುದಿಯ ಶೇ. 2ರಷ್ಟು ಬೆಲೆಗಳನ್ನು ಬಿಟ್ಟು ಉಳಿದದ್ದನ್ನು ಹಿಗ್ಗಿಸಿ 8 ಬಿಟ್ ಪ್ರತಿ ಮಾಡಿಕೋ. ಮೂಲವನ್ನು ಅಳಿಸಬೇಡ. ನೋಡುವುದಕ್ಕೊಂದು ಪ್ರತಿ, ಲೆಕ್ಕಕ್ಕೊಂದು ಪ್ರತಿ. ಬೆಳೆಯ ಹಸಿರನ್ನು ಅಳೆಯುವವರಿಗೆ ಮೂಲ ಬೆಲೆಗಳೇ ಬೇಕು, ಅವರಿಗೆ ಬೆಲೆಗಳನ್ನೇ ಕಳಿಸುವ ಡಬ್ಲ್ಯುಸಿಎಸ್ ಸೇವೆಯ ಮೂಲಕ ಕೊಡು.

ಹಾಳೆಯ ಅಂಚಿನ ಬಿಳಿ ಪಟ್ಟಿ, ಸೂಚಿ, ಅಡಿಟಿಪ್ಪಣಿ ಎಲ್ಲವನ್ನೂ ಕತ್ತರಿಸಿ ತೆಗೆ. ಇಲ್ಲದಿದ್ದರೆ ಒಂದು ಹಾಳೆಯ ಅಂಚು ಪಕ್ಕದ ಹಾಳೆಯ ಊರುಗಳನ್ನು ಮುಚ್ಚುತ್ತದೆ. ಉಪಗ್ರಹ ಚಿತ್ರದ ಸುತ್ತಲಿನ ಕಪ್ಪು ಭಾಗವನ್ನು ‘ನೋಡೇಟಾ’ ಅಂತ ಗುರುತು ಮಾಡಿಡು. ಸಣ್ಣ ಅಕ್ಷರ, ಸಮೋನ್ನತಿ ರೇಖೆಗಳಿರುವ ಹಾಳೆಯನ್ನು ಜೆಪೆಗ್‌ನಲ್ಲಿ ಕುಗ್ಗಿಸಬೇಡ, ಅಕ್ಷರದ ಸುತ್ತ ಕೊಳೆ ಮೆತ್ತಿದ ಹಾಗಾಗುತ್ತದೆ. ಅದಕ್ಕೆ ಡಿಫ್ಲೇಟ್ ಅಥವಾ ಎಲ್‌ಜಡ್‌ಡಬ್ಲ್ಯು ಸರಿ. ವೈಮಾನಿಕ ಚಿತ್ರಕ್ಕೆ ಜೆಪೆಗ್ ಧಾರಾಳವಾಗಿ ಬಳಸು, ಜಾಗ ಉಳಿಯುತ್ತದೆ. ಸರ್ವರ್ ಹೊರಗೆ ಕೊಡುವ ಚಿತ್ರಕ್ಕೂ ಇದೇ ಲೆಕ್ಕ. ಇನ್ನೊಂದು ನಕ್ಷೆಯ ಮೇಲೆ ಹಾಸಬೇಕಾದದ್ದಾದರೆ ಪಿಎನ್‌ಜಿ ಬೇಕೇ ಬೇಕು, ಜೆಪೆಗ್‌ಗೆ ಪಾರದರ್ಶಕತೆ ಇಲ್ಲ.

ಇಷ್ಟೆಲ್ಲ ಆದ ಮೇಲೆ ಕ್ಯಾಶ್ ವಿಚಾರ. ಎಲ್ಲ ಜೂಮ್ ಮಟ್ಟಕ್ಕೂ ಮೊದಲೇ ಟೈಲ್ ಮಾಡಿಟ್ಟುಬಿಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ಹಾಕಿ ನೋಡು. ನಮ್ಮ ಹಾಳೆಯ ಒಂದು ಪಿಕ್ಸೆಲ್ ನೆಲದ ಮೇಲೆ 4.2 ಮೀಟರ್. ಬೆಂಗಳೂರಿನ ಅಕ್ಷಾಂಶದಲ್ಲಿ 15ನೇ ಜೂಮಿನ ಪಿಕ್ಸೆಲ್ ಸುಮಾರು 4.7 ಮೀಟರ್. ಅಲ್ಲಿಗೆ ಹಾಳೆಯಲ್ಲಿರುವುದು ಬಹುಮಟ್ಟಿಗೆ ಬಂದುಬಿಟ್ಟಿತು. ಆ ಮಟ್ಟಕ್ಕೆ ಒಂದು ಹಾಳೆಗೆ ಬೇಕಾದದ್ದು ಐನೂರು ಚಿಲ್ಲರೆ ಟೈಲ್. ಜೂಮ್ ಒಂದು ಮಟ್ಟ ಹೆಚ್ಚಿದಂತೆ ಸಂಖ್ಯೆ ನಾಲ್ಕು ಪಟ್ಟು ಏರುತ್ತದೆ. 20ನೇ ಜೂಮಿಗೆ ಹೋದರೆ 1,024 ಪಟ್ಟು, ಐದು ಲಕ್ಷ ದಾಟುತ್ತದೆ. ಡಿಸ್ಕ್ ತುಂಬುತ್ತದೆಯೇ ಹೊರತು ಹಾಳೆಯಲ್ಲಿ ಇಲ್ಲದ ಒಂದು ಕಾಲುದಾರಿಯೂ ಹೊಸದಾಗಿ ಮೂಡುವುದಿಲ್ಲ. 16ಕ್ಕೆ ನಿಲ್ಲಿಸು. ಜಿಲ್ಲೆಯ ಗಡಿಯೊಳಗೆ ಮಾತ್ರ ಮಾಡು. ಕಡತ ಬದಲಿಸಿದ ದಿನ ಹಳೆಯ ಕ್ಯಾಶ್ ಅಳಿಸು, ಇಲ್ಲದಿದ್ದರೆ ತಿದ್ದಿದ ಮೇಲೂ ಜನಕ್ಕೆ ಕಾಣುವುದು ಹಳೆಯದೇ.

ಜಿಯೋಸರ್ವರ್ ಜೊತೆಗೇ ಬರುವ ಅಡ್ಮಿನ್ ಪಾಸ್‌ವರ್ಡ್ ಊರಿಗೆಲ್ಲ ಗೊತ್ತು. ಅದನ್ನು ಮೊದಲ ದಿನವೇ ಬದಲಿಸು. ಒಂದೇ ಕೋರಿಕೆಯಲ್ಲಿ ಯಾರಾದರೂ ಇಪ್ಪತ್ತು ಸಾವಿರ ಪಿಕ್ಸೆಲ್ ಅಗಲದ ಚಿತ್ರ ಕೇಳಿ ಯಂತ್ರವನ್ನು ಮಲಗಿಸದ ಹಾಗೆ ಮಿತಿಯನ್ನೂ ಹಾಕು.

ಹಕ್ಕಿನ ವಿಷಯದಲ್ಲಿ ಸಡಿಲ ಬೇಡ. 2021ರ ಫೆಬ್ರವರಿಯಲ್ಲಿ ಬಂದ ಭೂದತ್ತಾಂಶ ಮಾರ್ಗಸೂಚಿಯಿಂದ ಭಾರತೀಯರಿಗೆ ನಕ್ಷೆ ಮಾಡುವುದೂ ಹಂಚುವುದೂ ಬಹಳ ಸಲೀಸಾಗಿದೆ, ನಿಜ. ಹಾಗಂತ ಇನ್ನೊಬ್ಬರು ಮಾಡಿದ ಹಾಳೆ ನಮ್ಮದಾಗುವುದಿಲ್ಲ. ಮಾರಾಟದ ಉಪಗ್ರಹ ಚಿತ್ರವಾದರೆ ಖರೀದಿ ಪತ್ರ ತೆಗೆದು ಓದು. ಕಚೇರಿಯೊಳಗೆ ಬಳಸಲು ಕೊಂಡದ್ದನ್ನು ಲೋಕಕ್ಕೆಲ್ಲ ಬಿಡುವ ಹಾಗಿಲ್ಲ.

ಕೊನೆಗೆ, ಎಲ್ಲರೂ ಹಾರಿಸುವ ಕೆಲಸವೊಂದಿದೆ, ನೀನು ಹಾರಿಸಬೇಡ. ಪ್ರತಿ ಲೇಯರಿನ ವಿವರದಲ್ಲಿ ಚಿತ್ರ ಯಾವ ದಿನದ್ದು, ಹಾಳೆಯಾದರೆ ಯಾವ ವರ್ಷದ ಸರ್ವೆ, ಯಾವ ಅಳತೆಯದು, ಎಷ್ಟು ಮೀಟರ್ ಆಚೀಚೆ ಇರಬಹುದು, ಯಾರನ್ನು ಕೇಳಬೇಕು ಅನ್ನುವುದನ್ನು ಕನ್ನಡದಲ್ಲೇ ಬರೆ. ನೀನು ಹಾಕಿದ ಚಿತ್ರ ನೋಡಿ ಯಾರೋ ಇಲ್ಲಿ ಕೆರೆ ಇತ್ತು ಅನ್ನುತ್ತಾರೆ, ಇನ್ಯಾರೋ ಇರಲೇ ಇಲ್ಲ ಅನ್ನುತ್ತಾರೆ. ಬೇಸಿಗೆಯ ಚಿತ್ರದಲ್ಲಿ ಒಣಗಿದ್ದ ಕೆರೆ ಮಳೆಗಾಲದ ಚಿತ್ರದಲ್ಲಿ ತುಂಬಿರುತ್ತದೆ. ದಿನಾಂಕ ಬರೆದಿದ್ದರೆ ಅವರ ಜಗಳ ಅಲ್ಲೇ ತೀರುತ್ತದೆ. ಬರೆಯದಿದ್ದರೆ ಇಬ್ಬರೂ ನಿನ್ನ ನಕ್ಷೆಯನ್ನೇ ಸಾಕ್ಷಿ ಕರೆಯುತ್ತಾರೆ. ದಿನಾಂಕ ಗೊತ್ತಿಲ್ಲದ ಚಿತ್ರ ಎಷ್ಟೇ ಚೆನ್ನಾಗಿದ್ದರೂ, ಅದು ಗೊತ್ತಾಗುವವರೆಗೆ ಲೇಯರ್ ಏರಿಸಬೇಡ.